ಉಸಿರೆಣಿಸುವ ಗೌರಕ್ಕ

ಗೌರಕ್ಕನಿಗೆ ಹೇಸಿಗೆ ಬಾರದ ಸಂಗತಿ ಈ ಲೋಕದಲ್ಲಿ ಕಡಿಮೆ. ಬನವಾಸಿ ಹತ್ತಿರದ ಊರೊಂದರಲ್ಲಿ ಹನ್ನೊಂದು ವರ್ಷದಿಂದ ಆಶಾ ಕಾರ್ಯಕರ್ತೆ. ಅಷ್ಟೂ ವರ್ಷ ಊರವರ ಬಾಣಂತಿ ಕೋಣೆಗಳ ವಾಸನೆ ಕುಡಿದವಳು. ಬಾಗಿಲು ಜಡಿದು ಲೋಬಾನದ ಹೊಗೆ ಹಾಕಿ ಕೂಸನ್ನು ಕೆಮ್ಮಿಸುವವರು ಒಂದು ಕಡೆ. ಬಾಯಲ್ಲಿ ತಂಬಾಕಿನ ಉಂಡೆ ಇಟ್ಟುಕೊಂಡೇ ಎಳೆಗೂಸಿನ ಮೂಗಿಗೆ ಎಣ್ಣೆ ಬಿಟ್ಟು ಊದುವ ಮುದುಕಿಯರು ಇನ್ನೊಂದು ಕಡೆ. “ಥೂ, ಆ ಬಾಯರ ತೊಳಕೊಂಡು ಊದಬೇ!” ಎಂದು ಕೂಗಿ ಕೂಗಿ ಅವಳ ಗಂಟಲೇ ಕೆಟ್ಟಿತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ, ಯಾರು ಕೇಳಬೇಕು?

ಅವಳು ಮಾಡುವ ಪರೀಕ್ಷೆ ನೋಡಲು ಸುಲಭ. ಅಂಗಿ ಎತ್ತಿ, ಗಡಿಯಾರ ಹಿಡಿದು, ಒಂದು ನಿಮಿಷಕ್ಕೆ ಕೂಸಿನ ಹೊಟ್ಟೆ ಎಷ್ಟು ಸಲ ಏರಿತೆಂದು ಎಣಿಸುವುದು. ಎರಡು ತಿಂಗಳೊಳಗಿನ ಕೂಸಿಗೆ ಅರವತ್ತು ಮುಟ್ಟಿದರೆ ಎದೆಯಲ್ಲಿ ಏನೋ ಕೆಟ್ಟಿದೆ, ಆಸ್ಪತ್ರೆಗೆ ಓಡಬೇಕು. ಆದರೆ ಅಳುವ ಕೂಸಿನ ಉಸಿರು ಎಣಿಸಿದರೂ ಒಂದೇ, ಬಿಟ್ಟರೂ ಒಂದೇ.

ಅವತ್ತು ಬೆಳಿಗ್ಗೆ ನೀಲಗಂಗವ್ವನ ಮನೆಗೆ ಹೋದಳು. ಸೊಸೆ ಪ್ರತಿಭಾಳ ಐದು ವಾರದ ಗಂಡುಕೂಸು ಗೊರಗೊರ ಅನ್ನುತ್ತಿತ್ತು. ಅಂಗಿ ಎತ್ತಿದರೆ ಸಾಕು, ಕಿಟಾರನೆ ಕಿರುಚುವುದು. ಮೂರು ಸಲ ಎಣಿಸಹೋಗಿ ಮೂರು ಸಲವೂ ತಪ್ಪಿತು. ಕೋಣೆಯ ಹೊಗೆಗೆ ಗೌರಕ್ಕನ ಕಣ್ಣಲ್ಲಿ ನೀರು.

“ನೀಲಗಂಗವ್ವಾರ, ಹಿಂಗ ಒದರಿದ್ರ ನಾ ಏನ್ ಎಣಸ್ಲಿ? ಮಧ್ಯಾಹ್ನ ಬರ್ತೀನಿ. ಅಷ್ಟೊತ್ತಿಗೆ ಹೆಂಗರ ಮಾಡಿ ಮಲಗಿಸಿ ಇಡ್ರಿ,” ಎಂದು ಸಿಡುಕಿ ಹೊರಬಿದ್ದಳು. ಆ ಹೊಗೆಯಿಂದ ಪಾರಾದರೆ ಸಾಕಾಗಿತ್ತು.

ಮಧ್ಯಾಹ್ನ ಮನೆ ಶಾಂತವಾಗಿತ್ತು. “ನೋಡವಾ, ನನ್ನ ರಾಜಾ ಹೆಂಗ ಮಲಗ್ಯಾನ!” ನೀಲಗಂಗವ್ವನ ಮುಖ ಅರಳಿತ್ತು.

ಗೌರಕ್ಕ ಎಣಿಸಿದಳು. ಇಪ್ಪತ್ತೆರಡು. ಎಂಥ ಆರೋಗ್ಯದ ಕೂಸೂ ಇಷ್ಟು ನಿಧಾನ ಉಸಿರಾಡುವುದಿಲ್ಲ. ಮತ್ತೆ ಎಣಿಸಿದಳು, ಅಷ್ಟೇ. ಅಂಗಾಲಿಗೆ ಬೆರಳಿನಿಂದ ಹೊಡೆದಳು. ಕೂಸು ಮಿಸುಕಲಿಲ್ಲ. ತುಟಿ ಕಪ್ಪಿಡುತ್ತಿತ್ತು.

“ಏನ್ ಹಾಕೀರಿ ಇದಕ್ಕ?”

“ಜಾಜಿಕಾಯಿ. ದಿನಾ ಎರಡು ಸುತ್ತು ತೇಯ್ತೀನಿ. ಇವತ್ತ ಮಲಗಸ್ರಿ ಅಂತ ನೀನ ಹೇಳಿದ್ದಿಲ್ಲೇನವಾ? ಅದಕ್ಕ ಹತ್ತು ಸುತ್ತು ತೇಯ್ದು ನೆಕ್ಕಿಸಿದೆ.”

ಗೌರಕ್ಕ ಕೂಡಲೇ ಆಂಬುಲೆನ್ಸಿಗೆ ಫೋನು ಹಚ್ಚಿದಳು. ಪ್ರತಿಭಾ ಹೋ ಎಂದು ಅಳತೊಡಗಿದಳು. ಅದು ಬಂದು ಶಿರಸಿಯ ಆಸ್ಪತ್ರೆ ಮುಟ್ಟುವವರೆಗೆ ಗೌರಕ್ಕ ಆ ಪುಟ್ಟ ಹೊಟ್ಟೆಯ ಮೇಲಿಂದ ಕಣ್ಣು ಕೀಳಲಿಲ್ಲ.

ಆಮ್ಲಜನಕ ಹಚ್ಚಿದ ಮೇಲೆ ಡಾಕ್ಟರು ಹೊರಗೆ ಬಂದರು. “ಎದೇಲಿ ಕಫ ತುಂಬಿರೋ ಮಗುವಿಗೆ ಅಷ್ಟು ಜಾಜಿಕಾಯಿ ಹಾಕು ಅಂತ ಯಾರು ಹೇಳಿದ್ದು?”

ನೀಲಗಂಗವ್ವ ಒಮ್ಮೆ ಗೌರಕ್ಕನ ಮುಖ ನೋಡಿದಳು. “ಯಾರೂ ಹೇಳಿಲ್ರೀ ಸಾಹೇಬ್ರ. ನಂದ ಹುಚ್ಚು ಬುದ್ಧಿ.”

ಡಾಕ್ಟರು ಮುದುಕಿಗೆ ಬಾಯಿಗೆ ಬಂದಂತೆ ಬೈದರು. ಆಮೇಲೆ ಗೌರಕ್ಕನ ಕಡೆ ತಿರುಗಿ, “ನೀವು ಎಣಿಸಿ ನೋಡಿದ್ದಕ್ಕೆ ಮಗು ಉಳೀತು,” ಎಂದರು. ನಾನೇ ಮಲಗಿಸಿ ಅಂದದ್ದು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹನ್ನೊಂದು ವರ್ಷ ಊರಿಗೆಲ್ಲ ಬುದ್ಧಿ ಹೇಳಿದ ಬಾಯಿ ಆಗ ತೆರೆಯಲಿಲ್ಲ.

ಒಂಬತ್ತನೆಯ ದಿನ ಕೂಸು ಮನೆಗೆ ಬಂತು. ನೀಲಗಂಗವ್ವ ಓಣಿಯನ್ನೆಲ್ಲ ಕರೆದು, “ಈಕೀನ ನಮ್ಮ ಕೂಸಿನ ಜೀವಾ ಉಳಿಸಿದಾಕಿ,” ಎನ್ನುತ್ತ ಗೌರಕ್ಕನ ಬಾಯಿಗೆ ಮುಷ್ಟಿ ಸಕ್ಕರೆ ಹಾಕಿದಳು. ನುಂಗಲೂ ಆಗದು, ಅಷ್ಟು ಜನರ ಮುಂದೆ ಉಗುಳಲೂ ಆಗದು. ಗೌರಕ್ಕ ಹಿತ್ತಲಿಗೆ ಹೋಗಿ ಉಗುಳಿದಳು, ಎರಡು ತಂಬಿಗೆ ನೀರಿನಲ್ಲಿ ಬಾಯಿ ಮುಕ್ಕಳಿಸಿದಳು. ಬಾಯಿ ಇನ್ನೂ ಸಿಹಿಯಾಗಿಯೇ ಇತ್ತು.