ಕೆಂಪು ಬಟ್ಟೆ ಕಂಡರೆ ನಿಲ್ಲುವ ಬಸ್ಸು

ಬೆಳಕು ಇನ್ನೂ ಬಂಡೆಗುಡ್ಡದ ನೆತ್ತಿಯಲ್ಲೇ ಇದೆ, ಕೆಳಗಿಳಿದಿಲ್ಲ. ಬಳ್ಳಾರಿಯಿಂದ ಹೊರಟ ಮೊದಲ ಬಸ್ಸು ಕುರುಗೋಡಿನ ಕಡೆಯ ತಿರುವಿನಲ್ಲಿ, ಚನ್ನವೀರಮ್ಮನ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಅಂಗಡಿಯ ಮುಂದೆ ಬಂದು ನಿಲ್ಲುತ್ತದೆ. ಕಂಡಕ್ಟರ್ ಮೈಲಾರಪ್ಪ ಸೀಟಿನ ಕೆಳಗಿನಿಂದ ಒಂದು ಸ್ಟೀಲ್ ಡಬ್ಬಿ ಎಳೆದುಕೊಂಡು ಇಳಿಯುತ್ತಾನೆ. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದ ಚನ್ನವೀರಮ್ಮ ಮೇಲೇಳಲು ಗೋಡೆ ಹಿಡಿಯುತ್ತಾಳೆ.

"ನಿಧಾನ ಏಳಕ್ಕಾ, ಬಸ್ ಎಲ್ಲೂ ಓಡಿಹೋಗಂಗಿಲ್ಲ. ಮೊದ್ಲು ಕುಂದ್ರು, ಆಮ್ಯಾಲೆ ಏಳು. ತಲಿ ತಿರುಗೀತು."

ಆಕೆ ಎದ್ದು ನಿಲ್ಲುವವರೆಗೂ ಆತ ಕಾಯುತ್ತಾನೆ. ಡ್ರೈವರ್ ಎರ್ರಿಸ್ವಾಮಿ ಎಂಜಿನ್ ಆರಿಸುತ್ತಾನೆ. ಮೈಲಾರಪ್ಪ ಡಬ್ಬಿಯಿಂದ ಒಂದು ಕಾಗದದ ಪೊಟ್ಟಣ ತೆಗೆದು, ಬಸ್ಸಿನಲ್ಲಿದ್ದವರಿಗೆಲ್ಲ ಕಾಣುವಂತೆ ಎತ್ತಿ ಹಿಡಿಯುತ್ತಾನೆ.

"ಇದು ಯಾರ್ದು?"

"ನಂದು."

"ನಿಂದಷ್ಟನಾ?"

"ನಂದಷ್ಟ."

"ಬಾಜೂ ಮನ್ಯಾಕಿ ಎದಿ ಹಿಡ್ಕೊಂಡು ಬಂದು ಅತ್ರ?"

"ನೀರು ಕೊಡ್ತೀನಿ, ಗಾಳಿ ಹಾಕ್ತೀನಿ, ನಿನ್ನ ಬಸ್ ಹತ್ತಿಸ್ತೀನಿ. ಗುಳಿಗಿ ಮಾತ್ರ ಕೊಡಂಗಿಲ್ಲ." ಆಕೆ ಪೊಟ್ಟಣ ಕಸಿದುಕೊಳ್ಳುತ್ತಾಳೆ. "ನನ್ನ ಮದುವಿ ಮಾಡುವಾಗ್ಲೂ ಯಾರೂ ಇಷ್ಟು ಪ್ರಶ್ನಿ ಕೇಳಿಲ್ಲಲೇ ಮೈಲಾರಿ!"

ಹೊಸದಾಗಿ ಬಸ್ಸು ಹತ್ತಿದವರೊಬ್ಬರು ಇದನ್ನು ನೋಡಿ ನಗುತ್ತಾರೆ. ದಿನವೂ ಬರುವವರು ಯಾರೂ ನಗುವುದಿಲ್ಲ. ಅವರು ಕಿಟಕಿಯಿಂದ ಮುಖ ಹೊರಹಾಕಿ, ಪ್ರಶ್ನೋತ್ತರ ಮುಗಿಯುವವರೆಗೆ ನೋಡುತ್ತಾರೆ. ಎರಡು ವರ್ಷದ ಹಿಂದೆ ಇದೇ ತಿರುವಿನಲ್ಲಿ, ಇದೇ ಬಸ್ಸಿನಲ್ಲಿ ನಡೆದುದನ್ನು ತಿಳಿಯದವರಿಗೆ ಇದರ ಅರ್ಥ ತಿಳಿಯುವಂಥದ್ದಲ್ಲ.

ಮೈಲಾರಪ್ಪ ಹಲಕುಂದಿಯವನು. ಬಸ್ಸು ತೊಳೆಯುವ ಕ್ಲೀನರ್ ಆಗಿ ಸೇರಿ, ಟಾಪಿನ ಮೇಲೆ ಮೂಟೆ ಎತ್ತಿ, ಕೊನೆಗೆ ಕೊರಳಿಗೆ ಸೀಟಿ ಹಾಕಿಕೊಂಡವನು. ಬಳ್ಳಾರಿಯಿಂದ ಕುರುಗೋಡು ಬಳಸಿ, ತೆಕ್ಕಲಕೋಟೆಯ ಮೇಲೆ ಸಿರುಗುಪ್ಪಕ್ಕೆ ಹೋಗುವ ಈ ಖಾಸಗಿ ಬಸ್ಸಿನಲ್ಲಿ ಆತನ ತಲೆಗೂದಲು ನೆರೆತಿದೆ. ಈ ಸಾಲಿನ ಹಳ್ಳಿಗಳಿಗೆ ಆತ ತಂದುಕೊಡದ ವಸ್ತುವಿಲ್ಲ. ಸೈಕಲ್ ಟ್ಯೂಬು, ಲಗ್ನಪತ್ರಿಕೆ, ಹೊಲಿಯಲು ಕೊಟ್ಟ ರವಿಕೆ, ತವರಿನ ಸುದ್ದಿ ಎಲ್ಲವೂ ಈ ಬಸ್ಸಿನಲ್ಲೇ ಬರುತ್ತವೆ. ಔಷಧಿಯೂ ಹಾಗೆಯೇ, ಕೇಳಿದವರಿಗೆ ಇಲ್ಲ ಎನ್ನಲಾಗದೆ, ಆ ಸಾಮಾನುಗಳ ನಡುವೆ ಬಂದು ಸೇರಿತು.

ಚನ್ನವೀರಮ್ಮನಿಗೆ ಎದೆನೋವು ಶುರುವಾದದ್ದು ಅಂಗಡಿಗೆ ನೀರು ಹೊರುವಾಗ. ಬಳ್ಳಾರಿಯ ಪಾರ್ವತಿನಗರದಲ್ಲಿರುವ ಡಾಕ್ಟರ್ ಚಿದಾನಂದಪ್ಪ ಆಕೆಯ ನಾಡಿ ನೋಡಿ, ಪರೀಕ್ಷೆ ಮಾಡಿ, ಗುಂಡಿಗೆಯ ಓಟ ತಗ್ಗಿಸುವ ಗುಳಿಗೆ ಬರೆದುಕೊಟ್ಟರು. ಡಾಕ್ಟರರ ಭಾಷೆಯಲ್ಲಿ ಅದು ಬೀಟಾ ಬ್ಲಾಕರ್ ಜಾತಿಯ ಔಷಧಿ. ಗಂಡನಿಲ್ಲದ, ಒಲೆ ಬಿಟ್ಟು ಏಳಲಾಗದ ಆಕೆಗೆ ಅದನ್ನು ತಂದುಕೊಡುವ ಕೆಲಸ ಮೈಲಾರಪ್ಪನ ಪಾಲಿಗೆ ಬಂತು. ಚೀಟಿ ಹಿಡಿದು ನಿಂತ ಆತನಿಗೆ ಡಾಕ್ಟರು ಒಂದು ಮಾತು ಹೇಳಿದ್ದರು. ಆತ ಅದನ್ನು ಈಗಲೂ ಅವರ ದನಿಯಲ್ಲೇ ಹೇಳುತ್ತಾನೆ:

"ಕಾಲುವಿ ತೂಬು ಒಮ್ಮೆಲೆ ಎತ್ತಿದ್ರ ನೀರು ದಂಡಿ ಕಿತ್ಕೊಂಡು ಹೋಗ್ತೈತಿ ನೋಡು, ಈ ಗುಳಿಗಿ ಒಮ್ಮೆಲೆ ಬಿಟ್ರ ಹಂಗ. ಬಿಡಾದಾದ್ರ ನಾನ ಸ್ವಲ್ಪ ಸ್ವಲ್ಪ ಇಳಿಸ್ಕೋತ ಬಿಡಿಸ್ತೀನಿ. ಆಕಿ ತಾನ ಬಿಡಬಾರ್ದು, ನಡಕ ತಪ್ಪಬಾರ್ದು. ಮರ್ತ್ರ ಮರುದಿನ ಎರಡು ನುಂಗಬಾರ್ದು. ದಮ್ಮು ಇದ್ದವರ ಕೈಗಂತೂ ಹೋಗ್ಲೇಬಾರ್ದು, ಅವರ ಉಸುರಿನ ದಾರಿ ಬಿಗೀತೈತಿ."

'ನಡಕ ತಪ್ಪಬಾರ್ದು', ನಡುವೆ ಒಂದು ದಿನವೂ ಬಿಡಬಾರದು ಎಂಬ ಮಾತು ಮೈಲಾರಪ್ಪನ ತಲೆಯಲ್ಲಿ ಕುಳಿತುಬಿಟ್ಟಿತು. ಗುಳಿಗೆ ಮುಗಿದ ಮೇಲೆ ಹೇಳಿ ಕಳಿಸಿದರೆ ತರುವಷ್ಟರಲ್ಲಿ ಒಂದು ದಿನ ತಪ್ಪುತ್ತದೆ. ಆತ ಚನ್ನವೀರಮ್ಮನಿಗೆ ಒಂದು ಕೆಂಪು ಬಟ್ಟೆಯ ಚೂರು ಕೊಟ್ಟ. ಇನ್ನೊಂದು ವಾರದ ಗುಳಿಗೆ ಉಳಿದಿರುವಾಗಲೇ ಅದನ್ನು ಅಂಗಡಿಯ ಬಿದಿರಿನ ಗಳುವಿಗೆ ಕಟ್ಟಬೇಕು. ಬಸ್ಸಿನಿಂದ ಆತ ನೋಡುತ್ತಾನೆ, ಮರುದಿನ ಬೆಳಿಗ್ಗೆ ಪೊಟ್ಟಣ ಬರುತ್ತದೆ. ಆಕೆಯನ್ನು ನೋಡಿ ದಾರಿಯ ಇತರ ಊರುಗಳಲ್ಲೂ ಒಬ್ಬೊಬ್ಬರೇ ಬಟ್ಟೆ ಕಟ್ಟತೊಡಗಿದರು. ರಕ್ತದೊತ್ತಡದವರು, ಎದೆಬಡಿತದವರು, ಸಕ್ಕರೆ ಕಾಯಿಲೆಯವರು. ಬೇಲಿಗೆ, ಬೇವಿನ ಕೊಂಬೆಗೆ, ಕಿಟಕಿಯ ಸರಳಿಗೆ ಕಟ್ಟಿದ ಕೆಂಪು ಚೂರುಗಳು ಓಡುವ ಬಸ್ಸಿನ ಧೂಳಿನಲ್ಲಿ ಆತನಿಗೆ ಮಾತ್ರ ಕಾಣುತ್ತವೆ. ಟಿಕೆಟ್ ಹರಿಯುವಾಗಲೂ ಆತನ ಕಣ್ಣು ಹೊರಗಿರುತ್ತದೆ.

ಗುಳಿಗೆಯನ್ನು ಆತ ಚಿಲ್ಲರೆ ಚೀಲದಲ್ಲಿ ಇಡುವುದಿಲ್ಲ, ನಾಣ್ಯಕ್ಕೆ ಸಿಕ್ಕು ಪುಡಿಯಾಗುತ್ತದೆ. ಎಂಜಿನ್ ಪಕ್ಕದಲ್ಲೂ ಇಡುವುದಿಲ್ಲ, ಬಳ್ಳಾರಿಯ ಬಿಸಿಲಿಗೆ ಎಂಜಿನ್ನಿನ ಬಿಸಿಯೂ ಸೇರುತ್ತದೆ. ಹಿಂಬದಿಯ ಸೀಟಿನ ಕೆಳಗೆ ಒದ್ದೆ ಗೋಣಿಯ ಮೇಲೊಂದು ಹಲಗೆ, ಹಲಗೆಯ ಮೇಲೆ ಡಬ್ಬಿ. ಯಾರಾದರೂ "ಮೈಲಾರಣ್ಣ, ನನಗೂ ಎದಿ ಹಾರ್ತೈತಿ, ಆ ಗುಳಿಗಿ ಒಂದು ತಂದುಕೊಡು" ಎಂದರೆ ಆತನ ಉತ್ತರ ಒಂದೇ: "ಸಂಜಿ ಬಸ್ ಹತ್ತು. ಡಾಕ್ಟ್ರ ಮನಿ ಮುಂದ ಇಳಿಸ್ತೀನಿ. ನಾನು ಟಿಕೆಟ್ ಕೊಡಾಂವ, ಗುಳಿಗಿ ಕೊಡಾಂವ ಅಲ್ಲ."

ಎರಡು ವರ್ಷದ ಹಿಂದಿನ, ೧೯೮೨ರ ಸುಗ್ಗಿ. ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ಭತ್ತದ ಧೂಳು ಮಂಜಿನಂತೆ ಕವಿದಿದ್ದ ದಿನಗಳು. ಅಲ್ಲಿ ಹಮಾಲಿ ಮಾಡುವ ಹಾಲಸಿದ್ದಪ್ಪ ದಿನಾ ಇದೇ ತಿರುವಿನಲ್ಲಿ ಬಸ್ಸು ಹತ್ತುತ್ತಿದ್ದ. ಚನ್ನವೀರಮ್ಮನ ಮಿರ್ಚಿ ಕಾಗದದಲ್ಲಿ ಕಟ್ಟಿಸಿಕೊಂಡೇ ಆತ ಹತ್ತುವುದು. ಹುಟ್ಟಿನಿಂದ ದಮ್ಮಿನವನು. ಸುಗ್ಗಿ ಬಂದರೆ ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರೆಳೆಯುತ್ತಿದ್ದ. ಚನ್ನವೀರಮ್ಮನಿಗೋ, ಗುಳಿಗೆ ನುಂಗತೊಡಗಿದ ಮೇಲೆ ಎದೆನೋವಿನ ಸುಳಿವೇ ಇರಲಿಲ್ಲ. ಕೊಡ ಹೊರುತ್ತಿದ್ದಳು, ಎತ್ತರದ ದನಿಯಲ್ಲಿ ಗಿರಾಕಿಗಳನ್ನು ಬೈಯುತ್ತಿದ್ದಳು. ತನಗೆ ಗುಣವಾಯಿತು ಎಂದುಕೊಂಡಳು. ಗುಣವಾದ ಮೇಲೆ ಆ ಮದ್ದನ್ನು ಡಬ್ಬಿಯಲ್ಲಿ ಮುಚ್ಚಿಟ್ಟುಕೊಳ್ಳುವುದು ಆಕೆಯ ಜಾಯಮಾನಕ್ಕೆ ಒಗ್ಗುವಂಥದ್ದಲ್ಲ. ಓಣಿಯಲ್ಲಿ ಹೆಪ್ಪಿಗೆ ಮಜ್ಜಿಗೆ ಕೇಳಿದವರನ್ನು ಬರಿಗೈಲಿ ಕಳಿಸಿದವಳಲ್ಲ, ಬೆಂಕಿ ಕೇಳಿದವರಿಗೆ ಒಲೆಯ ಕೊಳ್ಳಿಯನ್ನೇ ಎತ್ತಿಕೊಟ್ಟವಳು. ಮದ್ದೂ ಹಾಗೆಯೇ ಎಂದು ತಿಳಿದಳು. ಒಂದು ಬೆಳಿಗ್ಗೆ, ಮಿರ್ಚಿಯ ಕಾಗದದೊಳಗೇ ತನ್ನಲ್ಲಿದ್ದ ಗುಳಿಗೆಗಳನ್ನೆಲ್ಲ ಇಟ್ಟು ಹಾಲಸಿದ್ದಪ್ಪನ ಕೈಗೆ ಹಾಕಿದಳು.

"ನನ್ನ ಎದಿ ಬಿಗಿ ಇದ ಬಿಡಿಸೈತಪ್ಪ. ನೀನೂ ನುಂಗು."

ಹಾಲಸಿದ್ದಪ್ಪ ಅಂಜಿ ಮೂರು ದಿನ ನುಂಗಲಿಲ್ಲ. ನಾಲ್ಕನೆಯ ದಿನದ ರಾತ್ರಿ ದಮ್ಮು ಹೆಚ್ಚಾಗಿ ಒಂದು ನುಂಗಿದ, ಕೋಳಿ ಕೂಗುವಾಗ ಇನ್ನೊಂದು. ಬೆಳಿಗ್ಗೆ ಬಸ್ಸು ಹತ್ತುವಾಗಲೇ ಆತನ ಎದೆಯಿಂದ ಸಿಳ್ಳಿನಂಥ ಸದ್ದು ಬರುತ್ತಿತ್ತು. ಅಂಗಡಿಯ ಗಳುವಿನಲ್ಲಿ ಕೆಂಪು ಬಟ್ಟೆಯಿರಲಿಲ್ಲ. ಕಟ್ಟುವ ದಿನ ಬಂದಿತ್ತಲ್ಲ ಎಂದು ಮೈಲಾರಪ್ಪನಿಗೆ ಅನ್ನಿಸಿತು. ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಎರ್ರಿಸ್ವಾಮಿ ಗೇರು ಹಾಕಿದ್ದ.

ಕುರುಗೋಡು ಹಿಂದೆ ಬಿದ್ದು ಸ್ವಲ್ಪ ದೂರವಾಗಿರಬೇಕು, ಹಾಲಸಿದ್ದಪ್ಪ ಮುಂದಿನ ಸೀಟಿನ ಕಂಬಿ ಹಿಡಿದು ಬಗ್ಗಿದ. ತುಟಿ ನೀಲಿಗಟ್ಟುತ್ತಿತ್ತು. ಮೈಲಾರಪ್ಪ ಬೆನ್ನು ಹಿಡಿದು ಕೇಳಿದ:

"ಏನು ತಿಂದಿಯೋ ಸಿದ್ದಾ? ಏನಾರ ಕುಡದೀಯೇನು?"

"ಚನ್ನವ್ವಕ್ಕ... ಗುಳಿಗಿ..." ಎಂದ ಆತ, ಒಂದೊಂದು ಮಾತಿಗೂ ಉಸಿರು ಹುಡುಕುತ್ತ. "ಆಕೀವು... ಎಲ್ಲಾ... ನನಗ ಕೊಟ್ಟಾಳ..."

ಆ ಗಳಿಗೆಯನ್ನು ನೆನೆಯುವಾಗ ಮೈಲಾರಪ್ಪ ಈಗಲೂ ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾನೆ. "ಒಂದು ಜೀವ ನನ್ನ ಕಣ್ಣಮುಂದ ಇತ್ತು. ಇನ್ನೊಂದು ಹಿಂದ, ಒಲಿ ಮುಂದ ಕುಂತಿತ್ತು. ಈತ ನುಂಗಬಾರ್ದು, ನುಂಗ್ಯಾನ. ಆಕಿ ಬಿಡಬಾರ್ದು, ಬಿಟ್ಟಾಳ. ಎರಡೂ ಒಮ್ಮೆ ತಿಳೀತು ನೋಡ್ರಿ."

ಮುಂದೆ ಸಿರುಗುಪ್ಪ ಇನ್ನೂ ದೂರ. ಹಿಂದೆ ಬಳ್ಳಾರಿಯ ದೊಡ್ಡಾಸ್ಪತ್ರೆ, ದಾರಿಯಲ್ಲೇ ಚನ್ನವೀರಮ್ಮ. ಆತ ಉದ್ದಕ್ಕೆ ಸೀಟಿ ಊದಿದ. ಬಸ್ಸು ನಿಂತಿತು. ತುಂಬಿದ ಬಸ್ಸು. ತೆಕ್ಕಲಕೋಟೆಯ ಸಂತೆಗೆ ಹೊರಟವರು, ಸಿರುಗುಪ್ಪದ ಕಚೇರಿಗೆ ಹೋಗಬೇಕಾದವರು, ನಿಶ್ಚಯದ ಊಟಕ್ಕೆ ಹೊರಟ ಒಂದು ಇಡೀ ಮನೆತನ.

"ಬಸ್ ಹೊಳ್ಳಿ ಬಳ್ಳಾರಿಗೆ ಹೋಗ್ತೈತ್ರಿ," ಎಂದ ಮೈಲಾರಪ್ಪ. "ಮುಂದ ಹೋಗಾವ್ರು ಇಲ್ಲೇ ಇಳೀರಿ. ಹಿಂದಿಂದ ಇನ್ನೊಂದು ಬಸ್ ಬರ್ತೈತಿ, ನಿಮ್ಮ ಟಿಕೆಟ್ ಅದರಾಗ ನಡಿಯಂಗ ಹೇಳ್ತೀನಿ."

ಯಾರೂ ಏಳಲಿಲ್ಲ. ಬುಟ್ಟಿಯಲ್ಲಿದ್ದ ಕೋಳಿಯೊಂದು ಕೊಸರಾಡಿತು, ಅದನ್ನು ಯಾರೋ ಅಂಗೈಯಲ್ಲಿ ಅದುಮಿದರು. ನಿಶ್ಚಯಕ್ಕೆ ಹೊರಟ ಮನೆತನದ ಹಿರಿಯಾಕೆ ಸೆರಗು ಬಿಗಿದುಕೊಂಡು ಅಂದದ್ದು ಇಷ್ಟೇ: "ಹುಡುಗಿ ಓಡಿ ಹೋಗಂಗಿಲ್ಲ ಬಿಡಪ್ಪ. ನೀ ಹೊಳ್ಳಸು."

ಎರ್ರಿಸ್ವಾಮಿ ಇಕ್ಕಟ್ಟಿನ ರಸ್ತೆಯಲ್ಲಿ ಹೊಲದ ಬದುವಿನವರೆಗೆ ಹಿಂದಕ್ಕೆ ಸರಿದು ಬಸ್ಸು ತಿರುಗಿಸಿದ. ಹಾಲಸಿದ್ದಪ್ಪನನ್ನು ಕಿಟಕಿಯ ಪಕ್ಕ ನೆಟ್ಟಗೆ ಕೂರಿಸಿ ಗುಂಡಿ ಬಿಚ್ಚಿದರು. ಇಡೀ ಬಸ್ಸು ಆತನ ಒಂದೊಂದು ಸಿಳ್ಳುಸಿರನ್ನೂ ಕೇಳುತ್ತ, ಮುಂದಿನದಕ್ಕೆ ಕಾಯುತ್ತ ಸಾಗಿತು.

ಚನ್ನವೀರಮ್ಮ ಒಲೆ ಹೊತ್ತಿಸಿ, ಹಿಟ್ಟು ಕಲಸದೆ ಸುಮ್ಮನೆ ಕುಳಿತಿದ್ದಳು. ಮರಳಿ ಬಂದ ಬಸ್ಸು ನೋಡಿ, "ಏನಲೇ, ದಾರಿ ಮರ್ತ್ರೇನು?" ಎಂದಳು. ದನಿ ಎಂದಿನದಾಗಿರಲಿಲ್ಲ.

"ಎದಿ ಹೆಂಗೈತಿ ಯಕ್ಕಾ?"

"ನನಗೇನಾಗೈತಿ."

"ಯಕ್ಕಾ. ಹೆಂಗೈತಿ?"

ಆಕೆ ಬಸ್ಸಿನೊಳಗೆ ನೋಡಿದಳು. ಹಾಲಸಿದ್ದಪ್ಪನ ಮುಖ ಕಂಡಿತು. ನಿನ್ನೆಯಿಂದ ಎದೆ ಹಿಂಡುತ್ತಿದ್ದುದನ್ನು ಆಗ ಹೇಳಿದಳು. ಹೇಳಿ, "ನಾ ಒಳ್ಳೇದಕ್ಕ ಕೊಟ್ಟಿದ್ನಪ್ಪ" ಎಂದಳು. ಒಲೆಗೆ ನೀರು ಹೊಯ್ದು, ಬಾಗಿಲನ್ನೂ ಹಾಕದೆ ಬಸ್ಸು ಹತ್ತಿದಳು.

ಬಳ್ಳಾರಿಯವರೆಗೆ ಎರ್ರಿಸ್ವಾಮಿ ಯಾವ ಸ್ಟಾಪಿನಲ್ಲೂ ನಿಲ್ಲಿಸಲಿಲ್ಲ. ಆಸ್ಪತ್ರೆಯ ಅಂಗಳದಲ್ಲೇ ಬಸ್ಸು ನಿಂತಿತು. ಹಾಲಸಿದ್ದಪ್ಪನಿಗೆ ಆಮ್ಲಜನಕ, ಇಂಜೆಕ್ಷನ್. ಚನ್ನವೀರಮ್ಮನಿಗೆ ಬೇರೊಂದು ಮಂಚ. ಸುದ್ದಿ ತಿಳಿದ ಚಿದಾನಂದಪ್ಪನವರೂ ಓಡಿ ಬಂದರು. ಮಧ್ಯಾಹ್ನದ ಹೊತ್ತಿಗೆ ಆ ಸಿಳ್ಳು ತಗ್ಗಿತು. ಸಂಜೆಗೆ ಚನ್ನವೀರಮ್ಮನ ನೋವೂ ಇಳಿಯಿತು. ಇಬ್ಬರೂ ಉಳಿದರು.

"ಆವತ್ತು ಇನ್ನೊಂದಷ್ಟು ದೂರ ಮುಂದಕ್ಕ ಹೋಗಿದ್ರ ಏನಾಗ್ತಿತ್ತೋ, ಹೇಳಾಕ ನನಗೂ ಆಗಂಗಿಲ್ಲ," ಎನ್ನುತ್ತಾರೆ ಚಿದಾನಂದಪ್ಪ. "ಗುಳಿಗಿ ಬರಿಯೋದು ನನ್ನ ಕೆಲಸ. ಅದು ಸರಿಯಾದ ಬಾಯಿಗೆ, ತಪ್ಪದಂಗ ದಿನಾ ಹೋಗ್ತೈತೋ ಇಲ್ಲೋ, ಅದನ್ನ ನೋಡಾಂವ ಇವ." ಅವರು ಈಗ ಹೊಸ ರೋಗಿ ಬಂದಾಗ, ದಮ್ಮು ಇದೆಯೇ, ಸಕ್ಕರೆ ಇದೆಯೇ, ಬೇರೆ ಏನು ನುಂಗುತ್ತೀರಿ ಎಂದು ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಸೇರಿಸುತ್ತಾರೆ: ನಿಮ್ಮ ಊರಿಗೆ ಯಾವ ಬಸ್ಸು?

ಅಂಗಡಿಯ ಮುಂದಿನ ಪ್ರಶ್ನೋತ್ತರ ಶುರುವಾದದ್ದು ಆಮೇಲೆ. ಮೊದಲ ಸಲ ಕೇಳಿದಾಗ ಚನ್ನವೀರಮ್ಮ ಅತ್ತಿದ್ದಳಂತೆ. ಎರಡನೆಯ ಸಲ ಬೈದಳಂತೆ. ಈಗ ಪ್ರತಿ ಸಲವೂ ಉತ್ತರಕ್ಕೊಂದು ಹೊಸ ಕೊಂಕು ಸೇರಿಸುತ್ತಾಳೆ. ಉಳಿದ ಊರುಗಳಲ್ಲೂ ಮೈಲಾರಪ್ಪ ಅದನ್ನೇ ಕೇಳುತ್ತಾನೆ. "ಮಂದಿ ಮುಂದ ಹೇಳಿದ ಮಾತು ತಪ್ಪಾಕ ನಾಚಿಕಿ ಬರ್ತೈತ್ರಿ. ಅದಕ್ಕ ಎಲ್ಲಾರ ಮುಂದ ಕೇಳ್ತೀನಿ," ಎಂಬುದು ಆತನ ಸಮಜಾಯಿಷಿ.

ಹಾಲಸಿದ್ದಪ್ಪ ಈಗ ಗಿರಣಿಯ ಧೂಳು ಬಿಟ್ಟು, ಹೊರಗಿನ ಗೇಟು ಕಾಯುವ ಕೆಲಸದಲ್ಲಿದ್ದಾನೆ. ದಮ್ಮಿಗೆ ಬೇರೆಯದೇ ಔಷಧಿ, ಬೇರೆಯದೇ ಪೊಟ್ಟಣ. ಇಂದು ಬಸ್ಸು ಹತ್ತಿದವನೇ ಮಿರ್ಚಿಯ ಕಾಗದ ಬಿಚ್ಚಿ ಮೈಲಾರಪ್ಪನಿಗೆ ತೋರಿಸುತ್ತಾನೆ.

"ನೋಡಣ್ಣ. ಬರೇ ಮಿರ್ಚಿ."

"ಎರಡು ಇತ್ಲಾಗ ಕೊಡು, ಪರೀಕ್ಷಾ ಮಾಡ್ತೀನಿ."

ಬಸ್ಸು ಹೊರಡುತ್ತದೆ. ಬಿಸಿಲು ಈಗ ಗುಡ್ಡ ಇಳಿದು ಭತ್ತದ ಗದ್ದೆಗಳಿಗೆ ಬಂದಿದೆ. ಮೈಲಾರಪ್ಪ ಬಾಗಿಲಲ್ಲಿ ಜೋತು ನಿಂತು ಎಡಗಡೆಯ ಬೇಲಿಗಳನ್ನು ನೋಡುತ್ತಾನೆ. ಪತ್ರಿಕೆಯಲ್ಲಿ ಆತನ ಬಗ್ಗೆ ಬರೆಯುತ್ತಿದ್ದಾರೆಂದು ತಿಳಿದಾಗಿನಿಂದ ಆತನಿಗೆ ಒಂಥರಾ ಸಂಕೋಚ.

"ನಂದೇನು ಬರೀತೀರ್ರಿ? ಕೊಟ್ಟಿದ್ದು ತರ್ತೀನಿ, ತಂದಿದ್ದು ಕೊಡ್ತೀನಿ. ಬರಿಯಾದಾದ್ರ ಆವತ್ತು ಬಸ್ಸಿನಾಗ ಕುಂತಿದ್ರಲ್ಲ, ಅವರದು ಬರೀರಿ."

ಅವರ ಹೆಸರುಗಳೇನು ಎಂದು ಕೇಳಿದರೆ ಆತ ಹೊರಗಿನಿಂದ ಕಣ್ಣು ತೆಗೆಯದೆ ತಲೆಯಾಡಿಸುತ್ತಾನೆ.

"ಹೆಸರು ಗೊತ್ತಿಲ್ರಿ. ಯಾರು ಎಲ್ಲಿ ಇಳೀಬೇಕಿತ್ತು ಅನ್ನಾದು ಗೊತ್ತು. ಆವತ್ತು ಒಬ್ರೂ ಇಳೀಲಿಲ್ಲ."