‘ಇನ್ನೂ ಜಾಗವಿದೆ’ ಎಂದು ಬರೆದ ಶುಕ್ರವಾರ

ಅಕ್ಷತಾ, ಲ್ಯಾಬಿನಲ್ಲಿ ನೀನು ಬೆಳೆಸುತ್ತಿದ್ದ ಜೀವಕೋಶಗಳನ್ನು ಹಾಳು ಮಾಡಿದವಳು ನಾನು. ಕೊರೊನಾ ಅಲ್ಲ, ನೀನು ಇಷ್ಟು ವರ್ಷ ನಂಬಿಕೊಂಡಿರುವ ಹಾಗೆ ನಿನ್ನ ಅಂದಾಜಿನ ತಪ್ಪೂ ಅಲ್ಲ — ನಾನು. ಬೇಕೆಂದೇ ಮಾಡಿದೆ.

ಇದನ್ನು ಓದಿ ನಾನು ನಿನ್ನ ಕಾಲಿಗೆ ಬೀಳುತ್ತಿದ್ದೇನೆ ಎಂದುಕೊಳ್ಳಬೇಡ. ನೀನು ನನಗೆ ಆಗಲೂ ಹಿಡಿಸಿರಲಿಲ್ಲ, ಈಗಲೂ ಹಿಡಿಸುವುದಿಲ್ಲ. ಈ ಡಚ್ಚರ ನಾಡಿಗೆ ಬಂದು ಡೆಲ್ಫ್ಟ್‌ನಲ್ಲಿ ಓದು ಮುಗಿಸಿ ಪಿಎಚ್.ಡಿ.ಗೆಂದು ನಮ್ಮ ಲ್ಯಾಬಿಗೆ ಬಂದ ಮೊದಲ ವಾರವೇ, ಕೇಳದೆ ಮಾಡದೆ ನನ್ನನ್ನು ‘ಅಕ್ಕ’ ಮಾಡಿಕೊಂಡೆ. ಚರ್ಮರೋಗದ ಜೀನ್‌ಗಳ ಹಿಂದೆ ಬಿದ್ದು ಅದೇ ಬೆಂಚಿನಲ್ಲಿ ಹತ್ತು ವರ್ಷ ಕಣ್ಣು ಕೆಡಿಸಿಕೊಂಡವಳು ನಾನು. ನೀನು ಪಕ್ಕದಲ್ಲಿ ತುಳು ಹಾಡು ಗುನುಗುತ್ತ — ಇರಲಿ, ಹಾಡಿನ ಮೇಲೆ ಯಾಕೆ ಹಾಕಲಿ.

ಉರಿ ಹತ್ತಿದ್ದು ಜೂಟರ್‌ಮೀರ್‌ನ ಆ ಉಡುಪಿಯವರ ಮನೆಯಲ್ಲಿ. ಸ್ವಲ್ಪ ಉಜ್ಜಿದರೆ ನೀರುಗುಳ್ಳೆ ಏಳುವ ಚರ್ಮದ ಪುಟ್ಟ ಹುಡುಗಿ. ಅವಳಿಂದ ಕಾಳುಮೆಣಸಿನಷ್ಟು ಚರ್ಮ ತೆಗೆದರೂ ಗಾಯ ಮಾಯಲು ವಾರಗಟ್ಟಲೆ ಬೇಕು. ನಾನು ಎರಡು ಸಲ ಹೋಗಿ, ಎಲ್ಲ ವಿವರಿಸಿ, ಬರಿಗೈಯಲ್ಲಿ ಬಂದಿದ್ದೆ. ಮೂರನೆಯ ಸಲ ನಿನ್ನನ್ನು ಕರೆದೊಯ್ದೆ. ಅಡುಗೆಮನೆಯಲ್ಲಿ ಕೂತು ನೀನು ತುಳುವಿನಲ್ಲಿ ಅರ್ಧ ಗಂಟೆ ಮಾತಾಡಿದೆ, ಆ ತಾಯಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು: “ಇದೊಂದೇ ಸಲ. ಇನ್ನು ನನ್ನ ಮಗುವನ್ನು ಮುಟ್ಲಿಕ್ಕೆ ಬಿಡುವುದಿಲ್ಲ.”

ಅದರ ಕೋಶಗಳನ್ನು ಡಿಶ್ಶಿನಲ್ಲಿ ಬೆಳೆಸಲು ಪ್ರೊಫೆಸರ್ ಆ ಸ್ಯಾಂಪಲ್ ನಿನಗೆ ಕೊಟ್ಟರು. ನಾನು ನಗುತ್ತ ಚಪ್ಪಾಳೆ ತಟ್ಟಿದೆ.

ಲಾಕ್‌ಡೌನ್‌ನಲ್ಲಿ ಲ್ಯಾಬಿಗೆ ಪಾಳಿಯ ಪ್ರಕಾರ ಒಬ್ಬೊಬ್ಬರೇ ಹೋಗುತ್ತಿದ್ದೆವು. ಹೋದವರು ಉಳಿದವರ ಕೋಶಗಳನ್ನೂ ನೋಡಿಕೊಳ್ಳಬೇಕಿತ್ತು. ಒಂದು ಗುರುವಾರ ನಿನ್ನ ಫೋನು. “ಅಕ್ಕ, ರೂಮ್‌ಮೇಟ್‌ಗೆ ಪಾಸಿಟಿವ್ ಬಂದಿದೆ, ನನಗೆ ಹೊರಗೆ ಬರ್ಲಿಕ್ಕೆ ಆಗುದಿಲ್ಲ. ನಂದು ಒಂದೇ ಡಿಶ್ ಉಂಟು, ನಾಳೆಗೆ ತುಂಬ್ತದೆ ಅಂತ ಕಾಣ್ತದೆ. ಅರ್ಧ ಫ್ರೀಜ್ ಮಾಡಿ, ಅರ್ಧ ಬೇರೆ ಡಿಶ್‌ಗಳಿಗೆ ಹಂಚ್ತೀರಾ?”

“ಆಯ್ತು” ಎಂದೆ.

ಆ ಕೋಶಗಳ ಗುಣ ನಮ್ಮಿಬ್ಬರಿಗೂ ಗೊತ್ತು. ಡಿಶ್ ತುಂಬಿ ಒಂದಕ್ಕೊಂದು ಒತ್ತಿಕೊಂಡು ಎರಡು ಮೂರು ದಿನ ಹಾಗೇ ಇದ್ದರೆ ಬಲಿತುಬಿಡುತ್ತವೆ. ಆಮೇಲೆ ಏನೇ ಆರೈಕೆ ಮಾಡಿದರೂ ಒಂದು ಎರಡಾಗುವುದಿಲ್ಲ. ನೋಡಲು ಆರೋಗ್ಯವಾಗಿಯೇ ಕಾಣುತ್ತವೆ, ಕೆಲಸಕ್ಕೆ ಬರುವುದಿಲ್ಲ.

ಶುಕ್ರವಾರ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ನೀನು ಹೇಳಿದಂತೆಯೇ ತುಂಬಿತ್ತು. ಹಾಸುಗಲ್ಲು ಜೋಡಿಸಿದಷ್ಟು ಅಚ್ಚುಕಟ್ಟು — ಅಭ್ಯಾಸಬಲದಿಂದ ಫೋನಿನಲ್ಲಿ ಫೋಟೊ ಕೂಡ ತೆಗೆದೆ. ಡಿಶ್ಶನ್ನು ಇನ್‌ಕ್ಯುಬೇಟರಿನಲ್ಲಿ ಇದ್ದ ಜಾಗದಲ್ಲೇ ಇಟ್ಟು ಲಾಗ್‌ಬುಕ್ಕಿನಲ್ಲಿ ಬರೆದೆ: ‘ಇನ್ನೂ ಜಾಗವಿದೆ. ಸೋಮವಾರ ಹಂಚಿದರೆ ಸಾಕು.’ ರೈಲು ತಪ್ಪುತ್ತಿತ್ತು ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಪ್ಲಾಟ್‌ಫಾರ್ಮಿನಲ್ಲಿ ಇಪ್ಪತ್ತು ನಿಮಿಷ ಸುಮ್ಮನೆ ಕೂತಿದ್ದೆ. ವಾಪಸು ಹೋಗಬಹುದಿತ್ತು, ಹೋಗಲಿಲ್ಲ. ಸೋಮವಾರ ನಾನೇ ಹೋಗಿ ಹಂಚಿದೆ, ಫ್ರೀಜ್ ಮಾಡಿದೆ, ಎಲ್ಲ ಶಿಸ್ತಾಗಿ.

ಅವು ಬೆಳೆಯಲಿಲ್ಲ. ಮೊದಲ ವರ್ಷದ ಕೊನೆಗೆ ನಿನ್ನನ್ನು ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಆನ್‌ಲೈನ್ ಸಭೆಯಲ್ಲಿ, ಇದ್ದೊಂದು ಸ್ಯಾಂಪಲ್ ಕೈಯಾರೆ ಕಳೆದೆ ಎಂದು ಪ್ರೊಫೆಸರ್ ನಿನ್ನನ್ನು ತರಾಟೆಗೆ ತೆಗೆದುಕೊಂಡರು. ನೀನು ನನ್ನ ಹೆಸರೆತ್ತಲಿಲ್ಲ. ನನ್ನ ಮೈಕ್ ಮ್ಯೂಟ್‌ನಲ್ಲಿತ್ತು. ಅದನ್ನು ತೆಗೆಯಲು ಒಂದು ಬೆರಳು ಸಾಕಿತ್ತು, ಅಷ್ಟೂ... ಸಭೆ ಮುಗಿದ ಮೇಲೆ ನೀನೇ ಫೋನ್ ಮಾಡಿದೆ. “ನೀವಾದ್ರೂ ಹೋಗಿ ನೋಡಿದ್ರಲ್ಲ ಅಕ್ಕ, ಥ್ಯಾಂಕ್ಸ್. ಕೋಶಗಳು ಮೊದಲೇ ಸೋತಿದ್ದವು ಅಂತ ಕಾಣ್ತದೆ, ಶುಕ್ರವಾರಕ್ಕೆ ತುಂಬ್ತದೆ ಅಂತ ನಾನೇ ತಪ್ಪು ಅಂದಾಜು ಮಾಡಿದ್ದು.” ಆ ‘ಥ್ಯಾಂಕ್ಸ್’ಗೆ ನಿನ್ನನ್ನು ಇನ್ನಷ್ಟು ದ್ವೇಷಿಸಿದೆ. ಎರಡು ತಿಂಗಳೊಳಗೆ ನೀನು ಪಿಎಚ್.ಡಿ. ಬಿಟ್ಟು ಊರಿಗೆ ಹೋದೆ.

ಕಳೆದ ವಾರ ಆಸ್ಪತ್ರೆಯ ಕಾರಿಡಾರಿನಲ್ಲಿ ಆ ತಾಯಿ ಸಿಕ್ಕರು. ಹುಡುಗಿ ಎತ್ತರವಾಗಿದ್ದಾಳೆ, ಎರಡೂ ಕೈಗೆ ಬ್ಯಾಂಡೇಜು. “ಆ ನಮ್ಮೂರಿನ ಹುಡುಗಿ ಎಂತಕ್ಕೆ ಮತ್ತೆ ಫೋನೇ ಮಾಡ್ಲಿಲ್ಲ?” ಎಂದರು. “ಅಷ್ಟು ನೋವು ತಿಂದು ಕೊಟ್ಟ ಚರ್ಮ ಎಂತ ಆಯ್ತು?”

“ಬೆಳೀಲಿಲ್ಲ” ಎಂದೆ. ಅವರು ಮಗಳ ಬ್ಯಾಂಡೇಜು ಸರಿಮಾಡುತ್ತ, ನಮ್ಮ ಹಣೆಬರಹ ಎಂದರು.

ಈ ಬೆಳಿಗ್ಗೆ ಪ್ರೊಫೆಸರಿಗೆ ಪತ್ರ ಕಳಿಸಿದ್ದೇನೆ, ಆ ಶುಕ್ರವಾರದ ಫೋಟೊ ಸಮೇತ. ಶನಿವಾರ ಜೂಟರ್‌ಮೀರ್‌ಗೆ ಹೋಗುತ್ತೇನೆ. ಆ ತಾಯಿ ಬಾಗಿಲು ತೆಗೆದರೆ ಹೇಳುತ್ತೇನೆ, ಮುಖಕ್ಕೆ ಉಗಿದರೆ ಒರೆಸಿಕೊಂಡು ಹೇಳುತ್ತೇನೆ. ನಿನ್ನಿಂದ ಕ್ಷಮೆ ಕೇಳುವುದಿಲ್ಲ. ನೀನು ಕೊಟ್ಟರೂ ಅದನ್ನು ಇಟ್ಟುಕೊಳ್ಳಲು ನನ್ನಲ್ಲಿ ಜಾಗವಿಲ್ಲ. ನಿನಗೆ ಇಷ್ಟು ಗೊತ್ತಿದ್ದರೆ ಸಾಕು — ನಿನ್ನ ಅಂದಾಜು ಸರಿಯಾಗಿತ್ತು. ಆ ಮಗುವಿನ ಚರ್ಮ ಬೆಳೆದಿತ್ತು, ಅಕ್ಷತಾ. ಚೆನ್ನಾಗಿ ಬೆಳೆದಿತ್ತು. ನಾನು ನೋಡಿದ್ದೆ.