ಒಳಗೆ ನಮ್ಮವನಿದ್ದಾನೆ

ಮಾಲ್ಟಾ ದ್ವೀಪದ ಈ ತುದಿಯಿಂದ ಆ ತುದಿಗೆ ಕಾರಿನಲ್ಲಿ ಹೋಗಲು ಒಂದು ಗಂಟೆ ಸಾಕು. ದಾರಿಯಲ್ಲಿ ಯಾರಾದರೂ ಹರಟೆಗೆ ನಿಲ್ಲಿಸಿಕೊಂಡರೆ ಒಂದೂವರೆ. ವಿಸ್ತಿನ್ ಝೆರಾಫಾ ಅದಕ್ಕೆ ಮೂರು ದಿನದ ಪ್ರವಾಸ ಹೂಡಿದ್ದ. ಅದರ ಯೋಜನೆ ಹಾಕಲು ಎಂಟು ತಿಂಗಳು ತೆಗೆದುಕೊಂಡಿದ್ದ.

ಮೂವತ್ತೊಂದು ವರ್ಷ ಮನೆಮನೆಗೆ ಹೋಗಿ ನೀರಿನ ಮೀಟರ್ ಓದಿ ನಿವೃತ್ತನಾದ ಮನುಷ್ಯ. ದ್ವೀಪದ ಯಾವ ಬಾಗಿಲು ತಟ್ಟಿದರೂ ತನ್ನವನೊಬ್ಬ ಸಿಗುತ್ತಾನೆ ಎಂಬುದೇ ಅವನ ಆಸ್ತಿ. ಸರದಿಯಲ್ಲಿ ನಿಲ್ಲುವುದು, ಅರ್ಜಿ ತುಂಬುವುದು, ಟಿಕೆಟ್ ಕೊಳ್ಳುವುದು ಇವೆಲ್ಲ ದಿಕ್ಕಿಲ್ಲದವರ ಕೆಲಸ ಎಂದು ತಿಳಿದಿದ್ದ. ದೇಶದೇಶದವರು ಬಂದು ಬಾಯಿ ಬಿಟ್ಟು ನೋಡುವ ಕಲ್ಲಿನ ಗುಡಿಗಳ ಮೀಟರನ್ನೂ ಅವನೇ ಓದುತ್ತಿದ್ದ. ಆದರೆ ಒಂದರೊಳಗೂ ಕಾಲಿಟ್ಟಿರಲಿಲ್ಲ. ಐದು ಸಾವಿರ ವರ್ಷದಿಂದ ಅಲ್ಲೇ ಬಿದ್ದಿವೆ, ಎಲ್ಲಿಗೆ ಓಡಿಹೋಗುತ್ತವೆ ಎನ್ನುತ್ತಿದ್ದ.

ಪ್ರವಾಸದ ಉಸಾಬರಿ ಬಂದದ್ದು ಅಕ್ಕ ಪಾವ್ಲಿನಾಳಿಂದ. ಹತ್ತೊಂಬತ್ತಕ್ಕೇ ಗಂಡನ ಜೊತೆ ಹಡಗು ಹತ್ತಿ ಮೆಲ್ಬರ್ನ್ ಸೇರಿದವಳು, ಎಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಊರಿಗೆ ಬರುತ್ತೇನೆಂದು ಫೋನ್ ಮಾಡಿದಳು. ಅವರು ಹುಟ್ಟಿದ ಪಾವೊಲಾದ ಮನೆಯಿಂದ ಎರಡು ಬೀದಿ ಆಚೆ, ನೆಲದೊಳಗೆ ಬಂಡೆ ಕೊರೆದು ಮಾಡಿದ ಗುಡಿಯಿದೆ. ಒಂದು ಕಾಲದಲ್ಲಿ ಸಾವಿರಾರು ಹೆಣ ಹೂತ ಜಾಗ.

"ಲೋ ವಿಸ್ತಿ, ಬೇರೇನೂ ತೋರಿಸ್ಬೇಡ. ಅದೊಂದು ತೋರ್ಸು ಸಾಕು," ಎಂದಿದ್ದಳು ಅಕ್ಕ. "ಊಟ ಬಿಟ್ರೆ ಕೆಳಗಿನೋರು ಎದ್ದು ಬರ್ತಾರೆ ಅಂತ ಅಜ್ಜಿ ಹೆದರಿಸ್ತಿರ್ಲಿಲ್ವಾ? ಆ ಹೆದರಿಕೇಲಿ ಎಷ್ಟು ಬಟ್ಲು ಸೂಪು ಕುಡಿದಿದೀನೋ! ಅವರ ಮನೆ ಒಂದ್ಸಲ ನೋಡಿ ಹೋಗ್ತೀನಿ. ಇನ್ನೊಂದ್ಸಲ ಬರೋಕೆ ಈ ಮಂಡಿ ಒಪ್ಪಲ್ಲ."

"ಅದಕ್ಕೇನಂತೆ ಅಕ್ಕಾ! ಒಳಗೆ ನಮ್ಮವನಿದ್ದಾನೆ," ಎಂದ ವಿಸ್ತಿನ್.

ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿತು. ಮೊದಲ ದಿನ ದಕ್ಷಿಣದ ಗುಡಿಗಳು, ಎರಡನೆಯ ದಿನ ಎಮ್ದಿನಾದ ಕೋಟೆ ಮತ್ತು ಉತ್ತರದ ಗುಡಿಗಳು. ಚೀಸ್ ತುಂಬಿ ಬೇಯಿಸಿದ ಪಸ್ತಿಜ್ಜಿ ತಿನ್ನಲು ಹನ್ನೆರಡು ನಿಮಿಷ, ಬಿಸಿಯಿದ್ದರೆ ಹದಿನೈದು. ಒಂದು ಊರನ್ನು ಮಾತ್ರ ಬಿಟ್ಟು ಸುತ್ತುಬಳಸಿ ಹೋಗಬೇಕಿತ್ತು. ಎಂಬತ್ತೊಂಬತ್ತರ ಹಬ್ಬದಲ್ಲಿ ಆ ಊರಿನ ವಾದ್ಯದವರು ಇವನ ಊರಿನ ಸಂತನನ್ನು ಗಿಡ್ಡ ಎಂದು ಹಾಡು ಕಟ್ಟಿದ್ದರು. ಅಕ್ಕ ಕೇಳಿದ್ದನ್ನು ಮೂರನೆಯ ದಿನದ ಕಟ್ಟಕಡೆಗೆ ಇಟ್ಟ. ಸಿಹಿ ಊಟದ ಕೊನೆಗೇ ಬರಬೇಕಂತೆ.

"ಅಲ್ಲಾ ವಿಸ್ತಿನ್, ಅಲ್ಲಿ ಗಂಟೆಗೆ ಹತ್ತೇ ಜನಾನ ಬಿಡೋದಂತೆ," ಎಂದಳು ಹೆಂಡತಿ ಫಿಲುಮೆನಾ. "ತಿಂಗಳುಗಟ್ಲೆ ಮುಂಚೇನೇ ಟಿಕೆಟ್ ತಗೋಬೇಕಂತೆ."

"ನನ್ನೂರಲ್ಲಿ ನಾನು ಟಿಕೆಟ್ ತಗೊಳ್ಳೋದಾ? ನೋಡಿದೋರು ನಗಲ್ವೇನೇ ಮಾರಾಯ್ತಿ! ಬಾಗಿಲಲ್ಲಿ ಚೆನ್ಸು ಇದ್ದಾನೆ."

"ಚೆನ್ಸೂನ ಕೊನೇ ಸಲ ನೋಡಿದ್ದು ಯಾವಾಗ?"

"ಮೊನ್ನೆ ಮೊನ್ನೆ. ಮೀಟರ್ ಓದೋಕೆ ಹೋದಾಗ."

ವಿಸ್ತಿನ್ ಮೀಟರ್ ಓದುವುದು ಬಿಟ್ಟು ಏಳು ವರ್ಷವಾಗಿತ್ತು. ಫಿಲುಮೆನಾ ಟೊಮ್ಯಾಟೊ ಹೆಚ್ಚಿದಳು. ನಲವತ್ತು ವರ್ಷದ ಸಂಸಾರದಲ್ಲಿ ಅವಳು ಗಂಡನ ಜೊತೆ ವಾದ ಮಾಡಿ ಗೆದ್ದದ್ದಿಲ್ಲ, ವಾದ ಮಾಡದೆ ಸೋತದ್ದೂ ಇಲ್ಲ.

ಏಪ್ರಿಲ್‌ನಲ್ಲಿ ಅಕ್ಕ ಬಂದಳು. ಮೊದಲ ದಿನದ ಗುಡಿಯಲ್ಲಿದ್ದ 'ನಮ್ಮವನು' ರಜೆಯಲ್ಲಿದ್ದ, ಎರಡನೆಯ ದಿನದವನು ವರ್ಗವಾಗಿ ಹೋಗಿದ್ದ. ನಾನೇ ಟಿಕೆಟ್ ತೆಗೆಸುತ್ತೇನೆ ಎಂದು ಅಕ್ಕ ಪರ್ಸ್ ತೆಗೆದರೆ ವಿಸ್ತಿನ್ ಕೈ ಹಿಡಿದ. "ನನ್ನ ಮರ್ಯಾದೆ ಏನಾಗ್ಬೇಕು? ಬೇಲಿಯಿಂದ್ಲೇ ಚೆನ್ನಾಗಿ ಕಾಣ್ಸತ್ತೆ, ಬಾ." ಅಕ್ಕ ಬೇಲಿಯಾಚೆಯಿಂದ ಎರಡು ಗುಡಿಗಳ ಬೆನ್ನು ನೋಡಿದಳು. ಪಸ್ತಿಜ್ಜಿ ಮಾತ್ರ ಬಿಸಿಯಾಗಿಯೇ ಸಿಕ್ಕಿತು.

ಮೂರನೆಯ ದಿನ ಮೂರು ಗಂಟೆಗೆ ಪಾವೊಲಾ. ಮರುದಿನ ಬೆಳಿಗ್ಗೆ ಅಕ್ಕನ ವಿಮಾನ. ವಿಸ್ತಿನ್ ಎದೆಯುಬ್ಬಿಸಿ ಒಳಗೆ ಹೋಗಿ, "ಚೆನ್ಸೂನ ಕರೀರಿ, ವಿಸ್ತಿನ್ ಬಂದಿದ್ದಾನೆ ಅನ್ನಿ," ಎಂದ.

ಟಿಕೆಟಿನ ಹೆಂಗಸು ತಲೆಯೆತ್ತಿದಳು. "ಯಾವ ಚೆನ್ಸು?"

ಮೂಲೆಯಲ್ಲಿ ಕೂತಿದ್ದ ಮುದಿ ಕಾವಲುಗಾರ ಹೇಳಿದ, "ಚೆನ್ಸುವಾ? ಅವನು ತೀರ್ಕೊಂಡು ಐದು ವರ್ಷ ಆಯ್ತಲ್ಲಪ್ಪ."

ಒಳಗಿದ್ದ ನಮ್ಮವನು ಈಗ ನೆಲದೊಳಗಿದ್ದ. ವಿಸ್ತಿನ್ ಪೆಚ್ಚಾದ. ಚೆನ್ಸುವಿನ ಸಾವಿಗೆ ಮರುಗಬೇಕೋ ತನ್ನ ಮಾನಕ್ಕೋ ತಿಳಿಯದೆ, "ಮೂರು ಟಿಕೆಟ್ ಕೊಡಿ," ಎಂದ.

"ಮುಂದಿನ ತಿಂಗಳು ಒಂಬತ್ತಕ್ಕೆ ಇದೆ. ಕೊಡ್ಲಾ?"

ಪಾವ್ಲಿನಾ ಕುರ್ಚಿಯ ಮೇಲೆ ಕುಸಿದು ಮಂಡಿ ಒತ್ತಿಕೊಂಡಳು. "ಹೋಗ್ಲಿ ಬಿಡೋ," ಎಂದಳು. ಕಣ್ಣು ಮಾತ್ರ ಕೆಳಗಿಳಿಯುವ ಬಾಗಿಲಲ್ಲೇ ನೆಟ್ಟಿತ್ತು. ಆ ಮುಖ ನೋಡಿ ವಿಸ್ತಿನ್‌ಗೆ ಮೊದಲ ಸಲ ನಾಚಿಕೆಯಾಯಿತು.

ಫಿಲುಮೆನಾ ಕೈಚೀಲದಿಂದ ಮಡಚಿದ ಕಾಗದ ತೆಗೆದಳು. "ಜನವರೀಲೇ ತಗೊಂಡಿದ್ದೆ. ಎರಡೇ ಉಳಿದಿದ್ವು."

ವಿಸ್ತಿನ್‌ನ ಮುಖ ಅರಳಿತು. ಎರಡನೆಯದು ತನ್ನದೇ ಎಂಬಂತೆ ಕೈಚಾಚಿದ.

"ನಿನಗ್ಯಾಕೆ ಟಿಕೆಟ್ಟು?" ಫಿಲುಮೆನಾ ಪಾವ್ಲಿನಾಳ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಳು. "ಒಳಗೆ ನಿಮ್ಮವನಿದ್ದಾನಲ್ಲ."

ಹೆಂಗಸರಿಬ್ಬರೂ ಮೆಟ್ಟಿಲಿಳಿದು ಹೋದರು; ಅಕ್ಕ ನಗುವುದು ಕೆಳಗಿನಿಂದ ಕೇಳಿಸಿತು. ವಿಸ್ತಿನ್ ಹೊರಗೆ ಬಂದು ನಿಂತ. ಬಾಗಿಲ ಪಕ್ಕದ ಗೋಡೆಯಲ್ಲಿ ಹಳೆಯ ಮೀಟರ್ ಇತ್ತು. ಬೇರೆ ಕೆಲಸವಿಲ್ಲದೆ ಬಗ್ಗಿ ಅದನ್ನು ಓದಿದ.